ಚಾರ್ಲಿಗೆ ಹಿಮ ಬೇಕಿತ್ತಾ?

‘777 ಚಾರ್ಲಿ’ ಬಗ್ಗೆ ಕೆಟ್ಟ ಮಾತಾಡಬಾರದು ಅನ್ನೋದು ನಮ್ಮಲ್ಲಿ ಯಾರೂ ಬರೆದಿಡದ ನಿಯಮ. 2022ರ ಜೂನ್ 10ಕ್ಕೆ ಸಿನಿಮಾ ಬಂತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನೋಡಿ ಕಣ್ಣೀರು ಹಾಕಿದರು, ಸರ್ಕಾರ ಆರು ತಿಂಗಳ ಮಟ್ಟಿಗೆ ರಾಜ್ಯದ ಪಾಲಿನ ಜಿಎಸ್‌ಟಿ ವಿನಾಯ್ತಿ ಕೊಟ್ಟಿತು. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೂ ಆಯ್ತು. ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್‌ನ ಹುಡುಗ, ಯಾವ ಪ್ರೊಡಕ್ಷನ್ ಇಶ್ಯೂಗೂ ಮುಖ ಬಾಡಿಸದವನು, ಸೋಮವಾರ ಊದಿದ ಕಣ್ಣಲ್ಲಿ ಬಂದು ಕೂತಿದ್ದ. ಇಂಥ ಸಿನಿಮಾದ ಬಗ್ಗೆ ತಕರಾರು ಎತ್ತೋದು ಅಂದ್ರೆ ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಅಂದ ಹಾಗೆ.

ಆದರೂ ಎತ್ತುತ್ತೀನಿ. ಯಾಕಂದ್ರೆ ಇದು ಬರೀ ಸಿನಿಮಾ ಆಗಿ ಉಳಿದಿಲ್ಲ. ನಾಯಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನ ನಮ್ಮ ತಲೆಮಾರಿನವರಿಗೆ ಮೊದಲು ನೆನಪಾಗೋದು ಡಾಕ್ಟರ್ ಹೇಳಿದ ಮಾತಲ್ಲ, ಈ ಸಿನಿಮಾ. ಪ್ರೀತಿಯ ಬಗ್ಗೆ ಅದಕ್ಕೆ ತುಂಬ ಗೊತ್ತು, ಒಪ್ಪಿಕೊಳ್ಳೋಣ. ಆದರೆ ತೀರ್ಮಾನದ ಬಗ್ಗೆ ಅದಕ್ಕೆ ಆಸಕ್ತಿ ಕಮ್ಮಿ. ಕಾಯಿಲೆ ಬಿದ್ದ ಮುದಿ ಪ್ರಾಣಿಯ ಮುಂದೆ ಕೂತವರಿಗೆ ಪ್ರೀತಿಯ ಕೊರತೆ ಇರಲ್ಲ. ಅವರಿಗೆ ತೋಚದೇ ಇರೋದು ‘ಈಗ ಏನು ಮಾಡಲಿ’ ಅನ್ನೋದು.

ನೋಡದೇ ಇರೋರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ನೋಡ್ಕೊಂಡು ಬನ್ನಿ. ಮುಂದೆ ಕತೆಯೆಲ್ಲ ಹೊರಗೆ ಬರುತ್ತೆ.

ಮೊದಲು ಒಳ್ಳೇದನ್ನೇ ಹೇಳ್ತೀನಿ. ನಿರ್ದೇಶಕ ಕಿರಣ್‌ರಾಜ್ ಕೆ. ಕಾಸರಗೋಡಿನ ಕಡೆಯವರು. ಅವರ ನಾಯಕ ಧರ್ಮ, ಅಂದ್ರೆ ರಕ್ಷಿತ್ ಶೆಟ್ಟಿ, ಫ್ಯಾಕ್ಟರಿಯಲ್ಲಿ ದುಡಿದು, ಇಡ್ಲಿ ತಿಂದು, ಚಾಪ್ಲಿನ್ ಸಿನಿಮಾ ನೋಡಿ ಮಲಗುವ ಒಂಟಿ ಮನುಷ್ಯ. ಬೀದಿಯವರಿಗೆ ಅವನು ಬೇಡ, ಅವನಿಗೆ ಬೀದಿಯವರು ಬೇಡ. ಅವನ ಮನೆಗೆ ಬ್ರೀಡರ್ ಹತ್ತಿರದಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಒಂದು ಬಂದು ಸೇರ್ಕೊಳ್ಳುತ್ತೆ. ಮೊದಲರ್ಧದಲ್ಲಿ ಇವರಿಬ್ಬರ ನಡುವೆ ನಡೆಯೋದು ಪ್ರೀತಿ ಕೂಡ ಅಲ್ಲ, ಒಂದು ಥರದ ಬಾಡಿಗೆ ಜಗಳ. ನಾಯಿ ಮನೆ ಹಾಳು ಮಾಡುತ್ತೆ, ಮನುಷ್ಯ ಬೈತಾನೆ, ಆದರೂ ಊಟ ಹಾಕ್ತಾನೆ. ನಾಯಿ ಸಾಕಿದ ಯಾರಿಗೇ ಆದ್ರೂ ಇದು ನಿಜ ಅನ್ಸುತ್ತೆ. ನಾವು ಯಾರೂ ನಾಯೀನ ಒಂದೇ ದಿನದಲ್ಲಿ ಪ್ರೀತಿಸಿದವರಲ್ಲ. ದಿನಾ ಅನ್ನ ಹಾಕಿ ಹಾಕಿ ಪ್ರೀತಿ ಬಂದಿದ್ದು. ಈ ಸತ್ಯವನ್ನ ಕನ್ನಡ ಸಿನಿಮಾ ಇಷ್ಟು ಸಮಾಧಾನವಾಗಿ ತೋರಿಸಿದ್ದು ಅಪರೂಪ.

ತೊಂದರೆ ಶುರುವಾಗೋದು ರಿಪೋರ್ಟ್ ಬಂದ ಮೇಲೆ. ಚಾರ್ಲಿಗೆ ಇರೋದು ಹಿಮಾಂಜಿಯೋಸಾರ್ಕೋಮಾ. ಹೆಸರಲ್ಲೇ ‘ಹಿಮ’ ಇದೆ ಅಂತ ನಗಬೇಡಿ, ಗ್ರೀಕಿನಲ್ಲಿ ಅದಕ್ಕೆ ರಕ್ತ ಅಂತ ಅರ್ಥ. ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಹೆಚ್ಚಾಗಿ ಗುಲ್ಮದಲ್ಲಿ, ಯಕೃತ್ತಿನಲ್ಲಿ, ಹೃದಯದಲ್ಲಿ ಸದ್ದಿಲ್ಲದೇ ಬೆಳೆಯುತ್ತೆ. ಗೆಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸೋರಿದಾಗಲೇ ಎಷ್ಟೋ ಸಲ ಗೊತ್ತಾಗೋದು. ಬೆಳಗ್ಗೆ ಬಾಲ ಅಲ್ಲಾಡಿಸಿದ ನಾಯಿ ಸಂಜೆಗೆ ಒಸಡು ಬಿಳಿಚಿಕೊಂಡು ಕುಸಿದು ಬೀಳುತ್ತೆ. ಗುಲ್ಮ ತೆಗೆಸಿದರೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಜೊತೆಗೆ ಕೀಮೋ ಕೊಡಿಸಿದರೆ ನಾಲ್ಕರಿಂದ ಆರು ತಿಂಗಳು. ಅದೂ ಸರಾಸರಿ ಲೆಕ್ಕ.

ಇಂಥ ಕಾಯಿಲೆ ಇರೋ ನಾಯೀನ ಧರ್ಮ ಏನು ಮಾಡ್ತಾನೆ? ಬೈಕಿಗೆ ಸೈಡ್‌ಕಾರ್ ಕಟ್ಟಿಸಿ ಮೈಸೂರಿನಿಂದ ಹಿಮಾಲಯದ ಕಡೆ ಹೊರಡ್ತಾನೆ. ಟಿವಿಯಲ್ಲಿ ಹಿಮ ಕಂಡಾಗ ಚಾರ್ಲಿಯ ಕಣ್ಣು ಅರಳಿತ್ತು ಅನ್ನೋದು ಕಾರಣ. ಅಲ್ಲಿಂದ ಮುಂದೆ ಸಿನಿಮಾದ ಮನಸ್ಸೆಲ್ಲ ರಸ್ತೆಯ ಮೇಲೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾಕ್ಕೆ ಹಬ್ಬ, ನೊಬಿನ್ ಪಾಲ್ ಅವರ ಸಂಗೀತಕ್ಕೆ ಹಬ್ಬ, ನಮಗೂ ಹಬ್ಬ. ನಾಯಿಗೆ?

ಈ ಪ್ರಶ್ನೆ ನಂದಲ್ಲ, ನಮ್ಮಪ್ಪಂದು. ತರೀಕೆರೆ-ಅಜ್ಜಂಪುರದ ನಡುವೆ ರಸ್ತೆಯಿಂದ ಒಳಗೆ ಇರೋ ಊರು ನಮ್ಮದು. ಸಿನಿಮಾ ಒಟಿಟಿಗೆ ಬಂದಾಗ ಅಪ್ಪ-ಅವ್ವನಿಗೆ ಫೋನಲ್ಲಿ ಹಾಕಿಕೊಟ್ಟಿದ್ದೆ. ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡ್ಲು. ಅಪ್ಪ ಪೂರ್ತಿ ನೋಡಿ ಹೇಳಿದ್ದು ಇಷ್ಟು: “ಅಲ್ಲ ಕಣೋ, ಮೈಯಾಗ್ ಹುಷಾರಿಲ್ದಿರೋ ನಾಯೀನ ಅಷ್ಟು ದೂರ ಯಾಕ್ ಎತ್ಕೊಂಡ್ ಹೋದ? ಅದೇನ್ ಐಸ್ ನೋಡ್ಬೇಕು ಅಂತ ಕೇಳಿತ್ತಾ?”

“ಟಿವೀಲಿ ಹಿಮ ಬಂದ್ರೆ ನೋಡ್ತಿತ್ತಲ್ಲಪ್ಪ.”

“ನಮ್ ಕೆಂಪಿ ನಿಮ್ಮವ್ವನ್ ಜತೆ ದಿನಾ ಸೀರಿಯಲ್ ನೋಡ್ತದೆ. ಬೆಂಗ್ಳೂರಿಗೆ ಸೀರಿಯಲ್ ತೆಗೆಯೋ ಜಾಗಕ್ ಕರ್ಕೊಂಡ್ ಹೋಗಿ ಬರ್ಲಾ?”

ನಗು ಬಂತು. ಆದರೆ ಒಂದು ಸಿನಿಮಾ ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದೇ ಅಂತ ಆಮೇಲೆ ಅನ್ನಿಸ್ತು. ಹಿಮ ಯಾರಿಗೆ ಬೇಕಿತ್ತು? ನಾಯಿಗೆ ‘ಕೊನೆಯ ಆಸೆ’ ಅನ್ನೋದು ಇರಲ್ಲ. ತನಗೆ ಕೊನೆ ಹತ್ತಿರ ಬಂದಿದೆ ಅಂತ ಅದು ದಿನ ಎಣಿಸಲ್ಲ. ಅದಕ್ಕೆ ಬೇಕಾಗಿರೋದು ಪರಿಚಯದ ಜಾಗ, ಪರಿಚಯದ ವಾಸನೆ, ನೋವಿಲ್ಲದ ನಿದ್ದೆ. ಸಾಯೋ ಮುಂಚೆ ಏನೇನು ನೋಡಬೇಕು ಅನ್ನೋ ಪಟ್ಟಿ ಮನುಷ್ಯರದ್ದು. ಅದರಲ್ಲೂ ವರ್ಷಕ್ಕೆ ಇಷ್ಟು ರಜೆ ಅಂತ ಲೆಕ್ಕ ಹಾಕಿ, ಲಡಾಖ್ ಟ್ರಿಪ್ಪನ್ನ ಮೂರು ವರ್ಷದಿಂದ ಮುಂದೂಡ್ತಾ ಬಂದಿರೋ ನಮ್ಮಂಥವರದ್ದು. ಸಿನಿಮಾ ನಮ್ಮ ಪಟ್ಟಿಯನ್ನ ಚಾರ್ಲಿಯ ಕೈಗೆ ಕೊಟ್ಟು ಅವಳದ್ದು ಅಂದಿದೆ. ನಾವು ಅತ್ತಿದ್ದರಲ್ಲಿ ಅರ್ಧ ನಮಗಾಗೇ.

ಇದನ್ನ ಇಷ್ಟು ಖಚಿತವಾಗಿ ಹೇಳೋಕೆ ಕಾರಣ ಇದೆ. ಸಿನಿಮಾ ನೋಡಿದ ಎರಡು ವರ್ಷಕ್ಕೆ ಅದೇ ಕೆಂಪಿಗೆ ಕ್ಯಾನ್ಸರ್ ಆಯ್ತು. ಹನ್ನೊಂದು ದಾಟಿದ್ದ ಊರ ನಾಯಿ. ಹಿಂದಿನ ಮೊಲೆಯ ಹತ್ತಿರ ಅಡಿಕೆ ಗಾತ್ರದ ಗಂಟು ಇದ್ದದ್ದು ಆರು ತಿಂಗಳಲ್ಲಿ ಬೇಲದ ಹಣ್ಣಿನಷ್ಟಾಗಿ ಒಡೆಯಿತು. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ್ರೆ ಶ್ವಾಸಕೋಶದಲ್ಲಿ ಬಿಳಿ ಚುಕ್ಕೆಗಳು. ಹೆಣ್ಣು ನಾಯಿಗಳಲ್ಲಿ ಮೊಲೆಯ ಗೆಡ್ಡೆ ತುಂಬ ಸಾಮಾನ್ಯ. ಹೆಚ್ಚುಕಮ್ಮಿ ಅರ್ಧದಷ್ಟು ಕೆಟ್ಟ ಗೆಡ್ಡೆಗಳೇ ಆಗಿರ್ತವೆ, ಹರಡಿದರೆ ಮೊದಲು ಹೋಗೋದು ಶ್ವಾಸಕೋಶಕ್ಕೇ. ಚಿಕ್ಕ ವಯಸ್ಸಲ್ಲೇ, ಮೊದಲ ಬೆದೆಗೆ ಮುಂಚೆ ಸಂತಾನಹರಣ ಆಪರೇಷನ್ ಮಾಡಿಸಿದ ನಾಯಿಗಳಲ್ಲಿ ಇದು ಬರೋದು ತೀರಾ ಕಮ್ಮಿ. ಕಡೂರು, ತರೀಕೆರೆ, ಅಜ್ಜಂಪುರ ಯಾವ ಕಡೆಯ ಹಳ್ಳಿ ನೋಡಿದ್ರೂ ಹೊಲ ಕಾಯೋ ನಾಯಿಗೆ ಆ ಆಪರೇಷನ್ ಮಾಡಿಸೋ ಪದ್ಧತಿಯೇ ಇಲ್ಲ.

ಮನೆಯಲ್ಲಿ ಮೂರು ಮಾತು ಶುರುವಾಯ್ತು. ತಂಗಿ ಬೆಂಗಳೂರಲ್ಲಿದ್ದಾಳೆ, “ಅಣ್ಣ, ಇಲ್ಲಿಗೆ ಕರ್ಕೊಂಡ್ ಬಾ, ದುಡ್ಡು ನಾನು ಹಾಕ್ತೀನಿ, ಏನೇನಿದೆಯೋ ಎಲ್ಲಾ ಮಾಡ್ಸೋಣ” ಅಂದ್ಲು. ಅವ್ವ “ಆಯಸ್ಸು ಇದ್ದಷ್ಟು ದಿನ ಇರ್ಲಿ, ನಾವ್ಯಾರು ಮಧ್ಯ ಕೈ ಹಾಕೋಕೆ” ಅಂದ್ಲು. ಅಪ್ಪ ಮಾತಾಡಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲು ಹಾಸಿ ಅದರ ಮೇಲೆ ಹಳೇ ಕಂಬಳಿ ಹಾಕಿದರು.

ಬೆಂಗಳೂರು ಅಂತ ಬಾಯಲ್ಲಿ ಹೇಳೋದು ಸುಲಭ. ತರೀಕೆರೆಯಿಂದ ರೈಲಿನಲ್ಲಿ ನಾಯಿ ಕರ್ಕೊಂಡು ಹೋಗಬೇಕು ಅಂದ್ರೆ ಎರಡೇ ದಾರಿ. ಫಸ್ಟ್ ಕ್ಲಾಸಿನಲ್ಲಿ ಇಡೀ ಕೂಪೆ ನಿಮ್ಮದಾಗಿರಬೇಕು, ಇಲ್ಲ ಅಂದ್ರೆ ಗಾರ್ಡ್ ಡಬ್ಬಿಯ ಕಬ್ಬಿಣದ ಪೆಟ್ಟಿಗೆ. ಒಡೆದ ಗೆಡ್ಡೆಯ ನಾಯೀನ ಆ ಪೆಟ್ಟಿಗೆಯಲ್ಲಿಟ್ಟು ಬೀರೂರು, ಕಡೂರು, ಅರಸೀಕೆರೆ ದಾಟಿಸೋದನ್ನ ಕಲ್ಪಿಸಿಕೊಳ್ಳಿ. ಕಾರು ಮಾಡಿದ್ರೂ ಐದು ಗಂಟೆ. ಅದೂ ಒಂದು ಸಲ ಅಲ್ಲ, ಕೀಮೋ ಅಂದ್ರೆ ವಾರ ವಾರ. ಚಾರ್ಲಿಯ ಸೈಡ್‌ಕಾರ್‌ನಲ್ಲಿ ಕೂತು ನೋಡಿದ್ರೆ ಪ್ರಯಾಣ ಅಂದ್ರೆ ಪ್ರೀತಿ. ಕೊಟ್ಟಿಗೆಯಲ್ಲಿ ಕೂತು ನೋಡಿದ್ರೆ ಪ್ರಯಾಣ ಅಂದ್ರೆ ನೋವು.

ಇಲ್ಲಿ ಒಂದು ಎಚ್ಚರಿಕೆ. ‘ಕ್ಯಾನ್ಸರ್ ಅಂದ್ರೆ ಏನೂ ಮಾಡೋಕಾಗಲ್ಲ’ ಅನ್ನೋದು ನನ್ನ ವಾದ ಅಲ್ಲ. ಅದೂ ಸಿನಿಮಾ ಬಿಟ್ಟುಹೋದ ತಪ್ಪು ಕಲ್ಪನೆಗಳಲ್ಲಿ ಒಂದು. ನಮ್ಮ ಬೀದಿನಾಯಿಗಳಿಗೆ ಕೂಡಿಕೆಯಿಂದ ಹರಡುವ ಒಂದು ಗೆಡ್ಡೆ ಬರುತ್ತೆ, ಒಂದು ನಾಯಿಯ ಕ್ಯಾನ್ಸರ್ ಜೀವಕೋಶವೇ ಇನ್ನೊಂದಕ್ಕೆ ದಾಟೋದು. ನೋಡೋಕೆ ಭೀಕರ. ಆದರೆ ವಿನ್‌ಕ್ರಿಸ್ಟಿನ್ ಅನ್ನೋ ಔಷಧಿಯನ್ನ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ವಾಸಿಯಾಗ್ತವೆ. ಆ ಔಷಧಿ ಬಂದಿದ್ದು ನಮ್ಮ ಹಿತ್ತಲಲ್ಲಿ, ಸ್ಮಶಾನದ ದಾರಿಯಲ್ಲಿ ತಾನೇ ಬೆಳೆಯೋ ನಿತ್ಯಪುಷ್ಪದ ಗಿಡದಿಂದ, ಕಾಶಿ ಕಣಗಿಲೆ ಅಂತಾರಲ್ಲ ಅದೇ. ಲಿಂಫೋಮಾ ಆದ ನಾಯಿಗಳಲ್ಲಿ ಹೆಚ್ಚಿನವು ಕೀಮೋಗೆ ಚೆನ್ನಾಗಿ ಸ್ಪಂದಿಸ್ತವೆ, ಸುಮಾರು ಒಂದು ವರ್ಷ ನೆಮ್ಮದಿಯಾಗಿ ಬದುಕ್ತವೆ. ಮನುಷ್ಯರ ಕೀಮೋ ನೋಡಿ ಹೆದರಿದವರಿಗೆ ಇನ್ನೊಂದು ಮಾತು: ನಾಯಿಗೆ ಕೊಡೋ ಪ್ರಮಾಣ ಕಮ್ಮಿ, ಯಾಕಂದ್ರೆ ಅಲ್ಲಿ ಗುರಿ ಕಾಯಿಲೆಯನ್ನ ಬೇರುಸಹಿತ ಕೀಳೋದಲ್ಲ, ಇರೋ ದಿನಗಳನ್ನ ಚೆನ್ನಾಗಿಡೋದು. ಮೊಲೆಯ ಗೆಡ್ಡೆಯೂ ಚಿಕ್ಕದಿದ್ದಾಗಲೇ ತೆಗೆಸಿದರೆ ಎಷ್ಟೋ ನಾಯಿಗಳು ವರ್ಷಗಟ್ಟಲೆ ಆರಾಮಾಗಿರ್ತವೆ.

ಹಂಗಾಗಿ ‘ಕ್ಯಾನ್ಸರ್’ ಅನ್ನೋ ಒಂದು ಪದ ಕೇಳಿ ಆಸ್ಪತ್ರೆಯಿಂದ ಎದ್ದು ಬರಬಾರದು. ಯಾವ ಕ್ಯಾನ್ಸರ್, ಎಲ್ಲಿವರೆಗೆ ಹೋಗಿದೆ, ಚಿಕಿತ್ಸೆ ಕೊಟ್ಟರೆ ಎಷ್ಟು ದಿನ, ಕೊಡದಿದ್ದರೆ ಎಷ್ಟು ದಿನ, ಆ ದಿನಗಳು ಹೆಂಗಿರ್ತವೆ, ಎಷ್ಟು ಸಲ ಬರಬೇಕು, ಎಷ್ಟು ಖರ್ಚು. ಈ ಏಳು ಪ್ರಶ್ನೆ ಕೇಳಬೇಕು. ನಮ್ಮ ಕಡೆ ಕ್ಯಾನ್ಸರ್ ಅಂದ್ರೆ ಜನ ಕಾಯಿಲೆಯ ಹೆಸರನ್ನೇ ಹೇಳಲ್ಲ, “ಕಿದ್ವಾಯಿಗೆ ಬರ್ಕೊಟ್ರಂತೆ” ಅಂತಾರೆ, ಅಲ್ಲಿಗೆ ಮಾತು ಮುಗೀತು. ನಾಯಿಗೆ ಕಿದ್ವಾಯಿ ಇಲ್ಲ. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ, ನಮ್ಮ ಪಕ್ಕದ ಶಿವಮೊಗ್ಗದಲ್ಲೂ ಒಂದಿದೆ. ಸಿನಿಮಾದಲ್ಲಿ ರಾಜ್ ಬಿ. ಶೆಟ್ಟಿ ಮಾಡಿರೋ ಪಶುವೈದ್ಯ ಅಶ್ವಿನ್ ಕುಮಾರ್ ಎಷ್ಟು ಚೆಂದದ ಪಾತ್ರ! ಆ ಮನುಷ್ಯನನ್ನ ನಗಿಸೋಕೆ ಬಳಸಿದಷ್ಟು ಈ ಏಳು ಪ್ರಶ್ನೆಗೆ ಉತ್ತರ ಕೊಡಿಸೋಕೆ ಬಳಸಿದ್ದಿದ್ರೆ ಅಂತ ಆಸೆಯಾಗುತ್ತೆ.

ಕೆಂಪಿಯ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಸಿಕ್ಕ ಉತ್ತರ ಸ್ಪಷ್ಟವಾಗಿತ್ತು. ಶ್ವಾಸಕೋಶಕ್ಕೆ ಹೋಗಿದೆ, ದೊಡ್ಡ ಆಪರೇಷನ್ನಿಂದ ದಿನ ಹೆಚ್ಚಾಗಲ್ಲ, ಗಾಯದ ಆರೈಕೆ ಮಾಡಿ, ನೋವಿಗೆ ಮಾತ್ರೆ ಕೊಡಿ. ವೈದ್ಯರು ಬರೆದುಕೊಟ್ಟ ಮಾತ್ರೆ ಮಾತ್ರ ಕೊಡಿ ಅಂತ ಎರಡು ಸಲ ಹೇಳಿದ್ರು. ನಮ್ಮ ಮನೆಯ ಡಬ್ಬಿಯಲ್ಲಿರೋ ಐಬುಪ್ರೊಫೇನ್ ನಾಯಿಗೆ ವಿಷ, ಬೆಕ್ಕಿಗಂತೂ ಒಂದೇ ಒಂದು ಪ್ಯಾರಾಸಿಟಮಾಲ್ ಪ್ರಾಣ ತೆಗೀಬಹುದು. ಉಳಿದಿದ್ದು ಒಂದೇ ಪ್ರಶ್ನೆ. ಎಲ್ಲಿವರೆಗೆ?

ಈ ‘ಎಲ್ಲಿವರೆಗೆ’ಗೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ 2004ರಲ್ಲಿ ಒಂದು ಅಳತೆಗೋಲು ಮಾಡಿಕೊಟ್ಟಿದ್ದಾರೆ. ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ ಅನ್ನೋದು, ಹೀಗೆ ಏಳು ಅಂಶ. ಒಂದೊಂದಕ್ಕೆ ಹತ್ತರಲ್ಲಿ ಅಂಕ. ಎಪ್ಪತ್ತಕ್ಕೆ ಮೂವತ್ತೈದರ ಮೇಲಿದ್ರೆ ಮನೆ ಆರೈಕೆ ಮುಂದುವರಿಸಬಹುದು. ಇಂಜಿನಿಯರ್ ಬುದ್ಧಿ, ನಾನು ತಕ್ಷಣ ಒಂದು ಶೀಟ್ ಮಾಡಿ ತಂಗಿಗೆ ಶೇರ್ ಮಾಡಿದೆ. ದಿನಾ ಸಂಜೆ ಅಪ್ಪನಿಗೆ ಫೋನ್ ಮಾಡಿ ಕೇಳೋದು, ತುಂಬೋದು. ನಾಲ್ಕನೇ ದಿನ ಅಪ್ಪ ಅಂದ್ರು, “ನೀನ್ ಬರ್ಕೋ, ಬೇಡ ಅನ್ನಲ್ಲ. ನಾನೂ ಇಲ್ಲಿ ಗುರ್ತು ಹಾಕ್ತಿದೀನಿ.” ಗೋಡೆಯ ಕ್ಯಾಲೆಂಡರಿನಲ್ಲಿ, ಡೈರಿಗೆ ಹಾಕಿದ ಹಾಲಿನ ಲೀಟರ್ ಬರೆಯೋ ಮನೆಯಲ್ಲೇ, ಕೆಂಪಿ ಉಂಡು ಬಾಗಿಲವರೆಗೆ ಬಂದ ದಿನಕ್ಕೆ ಒಂದು ಗೀಟು, ಏಳದೇ ಮಲಗಿದ ದಿನಕ್ಕೆ ಒಂದು ಸೊನ್ನೆ.

ನನ್ನ ಶೀಟಿನ ಏಳು ಕಾಲಂ ಹೇಳಿದ್ದನ್ನೇ ಅಪ್ಪನ ಗೀಟು-ಸೊನ್ನೆ ಹೇಳ್ತಿತ್ತು. ವಿಲಲೋಬೋಸ್ ಅವರ ಪಟ್ಟಿಯ ಕೊನೇ ಅಂಶವೂ ಅದೇ ತಾನೇ. ಇದರಲ್ಲಿ ಒಂದು ದೊಡ್ಡ ಉಪಯೋಗ ಇದೆ. ‘ಇವತ್ತು ಹೆಂಗಿದೆ’ ಅಂತ ಮನಸ್ಸನ್ನ ಕೇಳಿದ್ರೆ ಅದು ಸುಳ್ಳು ಹೇಳುತ್ತೆ, ಬಾಲ ಒಂದು ಸಲ ಅಲ್ಲಾಡಿದ್ರೆ ಸಾಕು, ವಾರದ ಸಂಕಟ ಮರೆಸಿಬಿಡುತ್ತೆ. ಕ್ಯಾಲೆಂಡರ್ ಮರೆಯಲ್ಲ. ಆರೂವರೆ ವಾರ ಗೀಟುಗಳು ಜಾಸ್ತಿ ಇದ್ದವು. ಆ ದಿನಗಳಲ್ಲಿ ಕೆಂಪಿ ಬಿಸಿಲು ಕಾಯಿಸ್ತು, ಈರುಳ್ಳಿ ಹರವಿದ ಕಣದ ಪಕ್ಕ ಮಲಗಿ ಬೊಗಳ್ತು, ಅವ್ವನ ಸೀರಿಯಲ್ ನೋಡ್ತು. ಆಮೇಲೆ ಸೊನ್ನೆ, ಸೊನ್ನೆ, ಗೀಟು, ಸೊನ್ನೆ, ಸೊನ್ನೆ, ಸೊನ್ನೆ. ಮೂರು ಸೊನ್ನೆ ಸಾಲಾಗಿ ಬಂದರೆ ಡಾಕ್ಟರನ್ನ ಕರೆಯೋದು ಅಂತ ಮೊದಲೇ ಮಾತಾಗಿತ್ತು. ಅವ್ವನೂ ಒಪ್ಪಿದ್ಲು, ಅದೂ ಕೆಂಪಿ ರಾತ್ರಿಯೆಲ್ಲ ಏದುಸಿರು ಬಿಟ್ಟಿದ್ದನ್ನ ಪಕ್ಕ ಕೂತು ನೋಡಿದ ಮೇಲೆ. ಡಾಕ್ಟರ್ ಮನೆಗೇ ಬಂದರು. ಮೊದಲು ನಿದ್ದೆಯ ಮದ್ದು, ಆಮೇಲೆ ಇನ್ನೊಂದು. ಹಿಮ ಇರಲಿಲ್ಲ, ಕಂಬಳಿ ಇತ್ತು.

ಇದನ್ನ ಹೇಳಿದ್ದು ನಮ್ಮ ಮನೆಯ ದೊಡ್ಡಸ್ತಿಕೆಗಲ್ಲ. ‘777 ಚಾರ್ಲಿ’ ಎಲ್ಲಿ ಕಣ್ಣು ಬೇರೆ ಕಡೆ ತಿರುಗಿಸುತ್ತೆ ಅನ್ನೋದು ತೋರಿಸೋಕೆ. ಚಾರ್ಲಿ ಹಿಮದ ಮಧ್ಯೆ, ಧರ್ಮನ ತೋಳಲ್ಲಿ, ತಾನಾಗೇ ಹೋಗ್ತಾಳೆ. ಒಂದು ಮರಿ ಉಳಿಯುತ್ತೆ. ಅತ್ಯಂತ ಸುಂದರ ಸಾವು. ಆದರೆ ಈ ಕಾಯಿಲೆಯ ನಾಯಿಗಳಿಗೆ ಇಷ್ಟು ಸುಂದರ ಸಾವು ತಾನಾಗೇ ಬರೋದು ಅಪರೂಪ. ಒಳಗೆ ರಕ್ತ ಸೋರಿ, ಉಸಿರು ಸಿಗದೇ, ಗಾಬರಿಯಲ್ಲಿ ಹೋಗೋದೇ ಹೆಚ್ಚು. ನೆಮ್ಮದಿಯ ಸಾವು ಬೇಕು ಅಂದ್ರೆ ಸಾಮಾನ್ಯವಾಗಿ ಯಾರೋ ಒಬ್ಬರು ‘ಇವತ್ತು’ ಅಂತ ಹೇಳಬೇಕಾಗುತ್ತೆ. ಆ ಮಾತು ಹೇಳೋ ಭಾರದಿಂದ ಸಿನಿಮಾ ಧರ್ಮನನ್ನ ಬಿಡುಗಡೆ ಮಾಡಿದೆ, ನಮ್ಮನ್ನೂ ಮಾಡಿದೆ. ಚಿತ್ರಮಂದಿರದ ಹೊರಗೆ ಆ ಬಿಡುಗಡೆ ಸಿಗಲ್ಲ.

ಹಾಲಿವುಡ್ಡಿನ ‘ಮಾರ್ಲಿ ಅಂಡ್ ಮಿ’ 2008ರದ್ದು, ಜಾನ್ ಗ್ರೋಗನ್ ಅವರ ಆತ್ಮಕಥನದಿಂದ ಮಾಡಿದ್ದು. ಅದೂ ಲ್ಯಾಬ್ರಡಾರ್, ಅದೂ ಮನೆ ಹಾಳು ಮಾಡೋ ನಾಯಿ, ಸಿನಿಮಾವಾಗಿ ಚಾರ್ಲಿಗಿಂತ ಸಪ್ಪೆ. ಆದರೆ ಮುದಿಯಾದ ಮಾರ್ಲಿಯ ಹೊಟ್ಟೆ ಎರಡನೇ ಸಲ ತಿರುಚಿಕೊಂಡಾಗ ಆ ಯಜಮಾನ ಆಸ್ಪತ್ರೆಯಲ್ಲಿ ಅದರ ಪಕ್ಕ ಕೂತು, ತೀರ್ಮಾನ ಹೇಳಿ, ಕೊನೆ ಉಸಿರಿನವರೆಗೆ ಅಲ್ಲೇ ಇರ್ತಾನೆ. ಕ್ಯಾಮೆರಾ ಆ ಕೋಣೆಯಿಂದ ಓಡಿಹೋಗಲ್ಲ. ಆ ಒಂದು ದೃಶ್ಯದ ಧೈರ್ಯ ನಮ್ಮ ಸಿನಿಮಾಕ್ಕೆ ಬರಲಿಲ್ಲ.

‘ಅದು ಅವರ ಸಂಸ್ಕೃತಿ, ನಮ್ಮದರಲ್ಲಿ ದಯಾಮರಣ ಪಾಪ’ ಅಂತ ಯಾರಾದ್ರೂ ಹೇಳಬಹುದು. ಅವ್ವನ ಮಾತೂ ಮೊದಲು ಅದೇ ಆಗಿತ್ತು, ಅದನ್ನ ಹಗುರ ಮಾಡೋಕೆ ನನಗಿಷ್ಟ ಇಲ್ಲ. ಆದರೆ ನಮ್ಮ ಕಾನೂನೂ ಇದರ ಬಗ್ಗೆ ಯೋಚಿಸಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ, ಬದುಕಿಸಿ ಇಡೋದೇ ಕ್ರೌರ್ಯ ಆಗುವಂಥ ಸ್ಥಿತಿ ಇರುತ್ತೆ ಅನ್ನೋದನ್ನ ಒಪ್ಪಿದ ಸೆಕ್ಷನ್ ಇದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ವಾಸಿಯಾಗದ ಕಾಯಿಲೆಯ ಬೀದಿನಾಯಿಗೆ ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡೋದಕ್ಕೆ ಅವಕಾಶ ಇಟ್ಟಿವೆ. ಮನುಷ್ಯರ ವಿಷಯದಲ್ಲೂ, ವಾಸಿಯಾಗುವ ಆಸೆ ಇಲ್ಲದ ರೋಗಿಯನ್ನ ಯಂತ್ರಗಳಿಂದ ಬಿಡಿಸೋ ಘನತೆಯ ಸಾವಿನ ಹಕ್ಕಿನ ಬಗ್ಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಅಂದ್ರೆ ಈ ಮಾತು ನಮ್ಮ ಸಮಾಜದಲ್ಲಿ ನಡೀತಾನೇ ಇದೆ. ಸಿನಿಮಾದಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ ಅಧಿಕಾರಿ ದೇವಿಕಾ ಇದ್ದಾಳೆ, ಸಂಗೀತಾ ಶೃಂಗೇರಿ ಮಾಡಿದ ಪಾತ್ರ. ಅವಳೂ ಧರ್ಮನೂ ಎದುರುಬದುರು ಕೂತು ಇದನ್ನ ಇತ್ಯರ್ಥವಾಗೋವರೆಗೆ ಜಗಳಾಡೋ ಹತ್ತು ನಿಮಿಷ, ಎರಡೂವರೆ ಗಂಟೆ ಮೀರಿದ ಸಿನಿಮಾದಲ್ಲಿ, ಇಡಬಹುದಿತ್ತು.

ಕೊನೆಯ ತಕರಾರು ಖಳನಾಯಕನ ಬಗ್ಗೆ. ಚಾರ್ಲಿಯ ಕ್ಯಾನ್ಸರ್‌ಗೆ ಕಾರಣ ಬ್ರೀಡರ್ ಮಾಡಿದ ಒಳಸಂತಾನ, ಅಂದ್ರೆ ರಕ್ತಸಂಬಂಧದ ನಾಯಿಗಳನ್ನೇ ಕೂಡಿಸೋದು ಅಂತ ಸಿನಿಮಾ ಹೇಳುತ್ತೆ. ‘ಕೊಳ್ಳಬೇಡಿ, ದತ್ತು ತಗೊಳ್ಳಿ’ ಅನ್ನೋ ಅದರ ಸಂದೇಶಕ್ಕೆ ನನ್ನ ಪೂರ್ತಿ ಬೆಂಬಲ. ಒಳಸಂತಾನ ಕೆಟ್ಟದ್ದು ಅಂತ ನಮ್ಮ ಕಡೆ ಯಾರಿಗೂ ಪಾಠ ಬೇಕಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ, ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದ, ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ ಆ ಉದ್ದ ಕೊಂಬಿನ ದನಗಳದ್ದು. ಒಂದು ಹೋರಿಯನ್ನ ಅದರ ಮಗಳಿಗೆ ಬಿಡಬಾರದು ಅನ್ನೋದು ಕಾವಲಿನ ಸುತ್ತ ದನ ಕಟ್ಟಿದ ಯಾವ ರೈತನಿಗೂ ಗೊತ್ತು.

ಆದರೆ ಕೆಲವು ತಳಿಗಳಿಗೆ ಕೆಲವು ಕ್ಯಾನ್ಸರ್ ಹೆಚ್ಚು ಬರುತ್ತೆ ಅನ್ನೋದು ಒಂದು ಮಾತು, ಈ ನಾಯಿಯ ಈ ಕ್ಯಾನ್ಸರ್‌ಗೆ ಇವನೇ ಕಾರಣ ಅನ್ನೋದು ಬೇರೆ ಮಾತು. ಯಾವ ಬ್ರೀಡರ್ ಕೈಗೂ ಸಿಗದ ಬೀದಿನಾಯಿಗೂ ಬರುತ್ತೆ. ಹೊಲ ಉಳೋ ಎತ್ತಿಗೂ ಕೊಂಬಿನ ಕ್ಯಾನ್ಸರ್ ಬರುತ್ತೆ. ಮೊದಲು ಎತ್ತು ತಲೆ ಒಂದು ಕಡೆ ವಾಲಿಸುತ್ತೆ, ಮೂಗಿನ ಒಂದು ಹೊಳ್ಳೆಯಲ್ಲಿ ರಕ್ತ ಬರುತ್ತೆ, ಬುಡದಿಂದ ಕೊಂಬು ತೆಗೆಸಬೇಕಾಗುತ್ತೆ. ಜಪಾನಿನಲ್ಲಿ ಯಜಮಾನನಿಗಾಗಿ ಸ್ಟೇಷನ್ನಲ್ಲಿ ವರ್ಷಗಟ್ಟಲೆ ಕಾದ ಹಚಿಕೊ 1935ರಲ್ಲಿ ಸತ್ತಾಗ ಅದಕ್ಕೂ ಕ್ಯಾನ್ಸರ್ ಇತ್ತು ಅಂತ ಟೋಕಿಯೊ ವಿಶ್ವವಿದ್ಯಾಲಯದವರು 2011ರಲ್ಲಿ ಹೇಳಿದರು. ಕ್ಯಾನ್ಸರ್ ಬಹಳ ಮಟ್ಟಿಗೆ ವಯಸ್ಸಿನ ಕಾಯಿಲೆ. ನಾಯಿಗೆ ಒಳ್ಳೆ ಊಟ, ಲಸಿಕೆ ಹಾಕಿ ಹನ್ನೆರಡು ವರ್ಷ ಬದುಕಿಸಿದ ಮನೆಗೇ ಅದು ಹೆಚ್ಚಾಗಿ ಬರೋದು. ಸಿನಿಮಾ ಒಬ್ಬ ಖಳನನ್ನ ಕೊಟ್ಟಾಗ ನಮ್ಮ ಸಿಟ್ಟಿಗೆ ಜಾಗ ಸಿಗುತ್ತೆ. ಮನೆಯಲ್ಲಿ ಖಳ ಇರಲ್ಲ. ಸಿಟ್ಟಿಗೆ ಜಾಗ ಸಿಗದೇ ಅದು ‘ನಾನೇ ಏನೋ ತಪ್ಪು ಮಾಡಿದೆ’ ಅಂತ ತಿರುಗುತ್ತೆ. ಎಷ್ಟೋ ಸ್ನೇಹಿತರು ವರ್ಷಗಟ್ಟಲೆ ಹೊತ್ತುಕೊಂಡು ತಿರುಗ್ತಿರೋದು ಈ ಇಲ್ಲದ ತಪ್ಪನ್ನೇ.

ನಾಯಕನ ಹೆಸರು ಧರ್ಮ, ಹೋಗೋದು ಹಿಮಾಲಯಕ್ಕೆ, ಜೊತೆಗೆ ನಾಯಿ. ಮಹಾಪ್ರಸ್ಥಾನದ ನೆನಪು ಬರಲಿ ಅಂತಲೇ ಇಟ್ಟಿದ್ದು. ಆ ಕತೆ ಸ್ವಲ್ಪ ನೆನಪು ಮಾಡಿಕೊಳ್ಳಿ. ನಾಯೀನ ಯಾರೂ ಹೊತ್ತುಕೊಂಡು ಹೋಗಲಿಲ್ಲ, ಅದು ತಾನೇ ಹಿಂದೆ ಬಂತು. ಧರ್ಮರಾಯನ ಪರೀಕ್ಷೆ ನಡೆದಿದ್ದೂ ದಾರಿ ಸವೆಸಿದ್ದರಲ್ಲಿ ಅಲ್ಲ, ಕೊನೆಗೆ ಬಾಗಿಲ ಮುಂದೆ ನಿಂತಾಗ. ನಾಯಿ ಬಿಟ್ಟು ಬಾ, ಸ್ವರ್ಗ ನಿನ್ನದು ಅಂದಾಗ ಅವನು ಏನು ತೀರ್ಮಾನ ಮಾಡಿದ ಅನ್ನೋದರಲ್ಲಿ. ಅಲ್ಲಿ ಹಿಮ ಬರೀ ಹಿನ್ನೆಲೆ, ಕತೆಯ ತಿರುಳು ತೀರ್ಮಾನ. ‘777 ಚಾರ್ಲಿ’ ಆ ಕತೆಯಿಂದ ಹಿಮವನ್ನ ತಗೊಂಡು ತೀರ್ಮಾನವನ್ನ ಅಲ್ಲೇ ಬಿಟ್ಟು ಬಂದಿದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಸಿನಿಮಾ ನೋಡಿ ಅಂತಲೇ ಹೇಳ್ತೀನಿ. ಬೀದಿಯ ಒಂದು ಮರಿಯನ್ನ ಮನೆಗೆ ತರೋ ಮನಸ್ಸು ಅದರಿಂದ ಬಂದ್ರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಬೇಡ. ಆದರೆ ಆ ಮರಿಗೆ ಹನ್ನೆರಡು ತುಂಬಿ, ಒಂದು ದಿನ ಕೈಗೆ ಗಂಟು ಸಿಕ್ಕಾಗ, ಮನಾಲಿಯ ರೂಟ್ ಮ್ಯಾಪ್ ತೆಗೀಬೇಡಿ. ಡಾಕ್ಟರನ್ನ ಏಳು ಪ್ರಶ್ನೆ ಕೇಳಿ. ಕಾಯಿಲೆಗೆ ಮದ್ದಿದ್ರೆ ಕೊಡಿಸಿ, ಇಲ್ಲದಿದ್ರೆ ನೋವಿಗೆ ಕೊಡಿಸಿ. ಅದು ದಿನಾ ಮಲಗೋ ಜಾಗದಲ್ಲೇ ಹಾಸಿಗೆ ಹಾಕಿ, ಗೋಡೆಗೆ ಒಂದು ಕ್ಯಾಲೆಂಡರ್ ತಗುಲಿಸಿ. ಎಷ್ಟು ಸೊನ್ನೆ ಬಂದ್ರೆ ಸಾಕು ಅನ್ನೋದನ್ನ ಗೀಟುಗಳು ಇನ್ನೂ ಜಾಸ್ತಿ ಇರೋವಾಗಲೇ ಮನೆಯವರೆಲ್ಲ ಕೂತು ಮಾತಾಡಿ. ರಜೆ ಉಳಿದಿದ್ರೆ ಹಾಕಿ, ಅದರ ಪಕ್ಕ ಕೂರೋಕೆ.